ಬೆಟ್ಟದ ಹೊಟ್ಟೆಯಲ್ಲಿ ಹುಡುಕಾಟ

ಸೂಪರ್ ಮಾರ್ಕೆಟ್

ವೀಸಾ ಕಚೇರಿಯಲ್ಲಿ ಗಾಜಿನಾಚೆ ಕುಳಿತಿದ್ದ ಹೆಣ್ಣುಮಗಳು "ಇಟಲಿಗೆ ಯಾಕೆ ಹೋಗುತ್ತಿದ್ದೀರಿ?" ಎಂದು ಕೇಳಿದಾಗ, ಮನೆಯಲ್ಲಿ ಉರು ಹೊಡೆದಿದ್ದ ಉತ್ತರವೆಲ್ಲ ಮರೆತುಹೋಗಿ, "ಕಾಣದ ವಸ್ತು ಹುಡುಕುವವರನ್ನು ನೋಡೋದಕ್ಕೆ" ಎಂದುಬಿಟ್ಟೆ. ಆಕೆ ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಪಕ್ಕದಲ್ಲಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕುಳಿತಿದ್ದ ನನ್ನ ಅಣ್ಣನನ್ನು ನೋಡಿದಳು. ನಾವಿಬ್ಬರೂ ಯಾವುದೋ ಯಾತ್ರೆಗೆ ಹೊರಟವರು ಎಂದುಕೊಂಡಳೋ ಏನೋ, ಮುಂದೆ ಏನೂ ಕೇಳಲಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಲೈನಿಂಗ್ ಬಟ್ಟೆ, ಸೀರೆಯ ಫಾಲು, ಗುಂಡಿ, ದಾರ ಮಾರುತ್ತೇವೆ. ಬೇಸಿಗೆಯ ಮಧ್ಯಾಹ್ನ ಆಟೋದವರೂ ನೆರಳು ಹುಡುಕಿಕೊಂಡು ಮಲಗುವ ಊರಿದು, ಗಿರಾಕಿ ಎಲ್ಲಿಂದ ಬರಬೇಕು? ಆ ಹೊತ್ತಿನಲ್ಲಿ ನಾನು ಮೊಬೈಲಿನಲ್ಲಿ ವಿಶ್ವದ ಹುಟ್ಟಿನ ಬಗ್ಗೆ ಮಾತಾಡುವವರನ್ನು ಕೇಳುತ್ತೇನೆ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ, ಅಷ್ಟರಲ್ಲಿ ಮದುವೆಯಾಯಿತು. ಗಣಿತ ಬಂದಾಗ ಮುಂದಕ್ಕೆ ಓಡಿಸುತ್ತೇನೆ, ನಾಚಿಕೆಯಿಲ್ಲ. ಉಳಿದದ್ದನ್ನು ಎರಡೆರಡು ಸಲ ಕೇಳುತ್ತೇನೆ.

ನನ್ನನ್ನು ಹಿಡಿದಿಟ್ಟದ್ದು ಒಂದೇ ಸಂಗತಿ. ನಕ್ಷತ್ರಗಳ ದೊಡ್ಡ ದೊಡ್ಡ ಗುಂಪುಗಳು ತಿರುಗುತ್ತಲೇ ಇರುತ್ತವಂತೆ. ಕಣ್ಣಿಗೆ ಕಾಣುವ ನಕ್ಷತ್ರಗಳ ತೂಕವಷ್ಟೇ ಇದ್ದಿದ್ದರೆ ಆ ವೇಗಕ್ಕೆ ಅಂಚಿನವು ಎಂದೋ ಸಿಡಿದು ಚೆಲ್ಲಾಪಿಲ್ಲಿಯಾಗಬೇಕಿತ್ತು. ಆಗಿಲ್ಲ. ಅಂದರೆ ಕಾಣದ ಯಾವುದೋ ವಸ್ತು ತನ್ನ ತೂಕದಿಂದ ಅವನ್ನು ಹಿಡಿದುಕೊಂಡಿದೆ. ಅದು ಬೆಳಕು ಕೊಡುವುದಿಲ್ಲ, ಬೆಳಕನ್ನು ತಡೆಯುವುದೂ ಇಲ್ಲ. ನಮ್ಮ ಅಂಗಡಿಯೊಳಗಿಂದ, ನನ್ನೊಳಗಿಂದ ಈಗಲೂ ಹಾದುಹೋಗುತ್ತಿರಬಹುದು. ಅದರ ಒಂದು ಕಣವಾದರೂ ಸಿಕ್ಕೀತೆಂದು ಇಟಲಿಯಲ್ಲಿ ಬೆಟ್ಟದ ಕೆಳಗೆ ಗವಿ ಕೊರೆದು, ದೊಡ್ಡ ಉಕ್ಕಿನ ತೊಟ್ಟಿ ಕಟ್ಟಿ, ವರ್ಷಗಟ್ಟಲೆ ಕಾದು ಕುಳಿತಿದ್ದಾರೆ. ಮೊದಲೇ ಬರೆದು ಕೇಳಿದರೆ ಕೆಲವು ದಿನ ನಮ್ಮಂಥ ಸಾಮಾನ್ಯರನ್ನೂ ಒಳಗೆ ಬಿಡುತ್ತಾರೆ. ನಾನು ಬರೆದೆ. ಬನ್ನಿ ಎಂದರು. ಅವತ್ತು ಗಿರಾಕಿಯೊಬ್ಬಳಿಗೆ ಕೆಂಪು ದಾರದ ಬದಲು ಹಸಿರು ದಾರ ಕಟ್ಟಿಕೊಟ್ಟೆ.

ಕಮಲಾಪುರ

ಅಂಗಡಿ ಬಿಟ್ಟು ಬರುವುದು ನಮ್ಮ ಯಜಮಾನರಿಂದ ಆಗದ ಮಾತು, ಲಗ್ನದ ಸೀಸನ್ನು. ಹೆಂಗಸು ಒಬ್ಬಳೇ ಅಷ್ಟು ದೂರ ಹೋಗುವುದು ಮನೆಯಲ್ಲಿ ಯಾರಿಗೂ ಒಪ್ಪಿಗೆಯಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ತವರುಮನೆಯಿಂದ ಅಣ್ಣ ಫೋನ್ ಮಾಡಿ "ನಾ ಹೋಗ್ತೀನಿ ಆಕಿ ಜೋಡಿ" ಎಂದ. ಹೈದರಾಬಾದು, ಸೊಲ್ಲಾಪುರ ಬಿಟ್ಟು ಆಚೆ ಕಾಲಿಡದ, ಕಮಲಾಪುರದ ಬಾಳೆತೋಟವೇ ಲೋಕವಾಗಿರುವ ಅರವತ್ತು ದಾಟಿದ ಮನುಷ್ಯ.

ನನಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಅಣ್ಣನಿಗೆ ಸಕ್ಕರೆ ಕಾಯಿಲೆ, ಮೂರು ಹೊತ್ತೂ ಊಟಕ್ಕೆ ಮುಂಚೆ ಇನ್ಸುಲಿನ್ ಬೇಕು. ಮೂರು ಹೊತ್ತೂ ಲಿಂಗಪೂಜೆಯೂ ಬೇಕು. ಕೊರಳಲ್ಲಿ ಬಿಳಿ ವಸ್ತ್ರದಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿ, ಅದಕ್ಕೆ ತೋರಿಸದೆ ಒಂದು ಗುಟುಕು ನೀರೂ ಕುಡಿಯುವವನಲ್ಲ. ಬೇರೆಯವರ ಕೈಗೆ ಅದನ್ನು ಕೊಡುವುದಿಲ್ಲ, ಮೈಯಿಂದ ದೂರ ಇಡುವುದಿಲ್ಲ. ಅಕಸ್ಮಾತ್ ದೂರವಾದರೆ ಮತ್ತೆ ಕೈಗೆ ಬರುವವರೆಗೆ ಅನ್ನ ನೀರು ಇಲ್ಲ. ಅಪ್ಪನೂ ಹಾಗೇ ಇದ್ದ.

ನಾನು ಕಮಲಾಪುರಕ್ಕೆ ಹೋದಾಗ ಕಟ್ಟೆಯ ಮೇಲೆ ಕೂರಿಸಿಕೊಂಡು ವಿಚಾರಣೆ ಮಾಡಿದ.

"ಕಾಣಂಗಿಲ್ಲ ಅಂತಿ, ಮುಟ್ಟಾಕ ಬರಂಗಿಲ್ಲ ಅಂತಿ. ಅದನ್ನ ನೋಡಾಕ ಇಷ್ಟು ದೂರ ಹೊಂಟೀದಿ. ಖರೇನ ಅಂಥಾದೊಂದು ಅದ ಅಂತ ಹ್ಯಾಂಗ ಹೇಳ್ತಿ, ಪಾರಿ?"

"ಬಕೆಟ್ಟಿಗಿ ಹಗ್ಗ ಕಟ್ಟಿ ಗರಗರ ತಿರುಗಿಸಿದ್ರ ಅದು ಹಾರಿ ಹೋಗಂಗಿಲ್ಲ. ಯಾಕ?"

"ಕೈಯಾಗ ಹಗ್ಗ ಹಿಡಿದಿರ್ತೀವಲ್ಲ."

"ಮ್ಯಾಲ ಬಕೆಟ್ ತಿರಗೋದು ಕಾಣಾಕತ್ತದ, ಅಣ್ಣಾ. ಹಿಡಿದಿದ್ದ ಕೈ ಕಾಣವಲ್ದು."

ಅಣ್ಣ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಹಂಗಾರ ನಡಿ, ಆ ಕೈ ನೋಡ್ಕೊಂಡು ಬರೂಣು" ಎಂದ.

ಬೆಟ್ಟದ ಊರು

ನಾವು ಇಳಿದದ್ದು ಬೆಟ್ಟದ ಬುಡದ ಒಂದು ಸಣ್ಣ ಊರಿನಲ್ಲಿ. ಅಲ್ಲಿನವರು ಕಾಫಿಯನ್ನು ನಿಂತೇ ಕುಡಿಯುತ್ತಾರೆ. ಅಂಗೈಯಗಲದ ಕಪ್ಪಿನ ತಳದಲ್ಲಿ ಔಷಧಿಯಷ್ಟು ಕಾಫಿ. ಒಂದೇ ಗುಟುಕಿಗೆ ಕುಡಿದು ಹೋಗುತ್ತಾರೆ. ಮಾತಾಡುವಾಗ ಮಾತ್ರ ಯಾವ ಅವಸರವೂ ಇಲ್ಲ, ದಾರಿ ಮಧ್ಯೆ ನಿಂತು ಕೈ ಬೀಸಿ ಬೀಸಿ ಮಾತಾಡುತ್ತಾರೆ. ಹಿಂದೆ ಕಾರು ನಿಂತರೂ ಹಾರ್ನು ಹೊಡೆಯುವವರಿಲ್ಲ. ನಮ್ಮಲ್ಲಾದರೆ ಇಷ್ಟೊತ್ತಿಗೆ ಯಾರೋ ಕೆಳಗಿಳಿದು ಬರುತ್ತಿದ್ದರು.

ಮೊದಲ ಸಂಜೆಯೇ ಎಡವಟ್ಟಾಯಿತು. ಊಟದ ಹೊತ್ತೆಂದು ಅಣ್ಣನಿಗೆ ಸೂಜಿ ಚುಚ್ಚಿ, ಪೂಜೆ ಮುಗಿಸಿ ಕೆಳಗೆ ಕರೆದುಕೊಂಡು ಬಂದರೆ, ನಾವಿದ್ದ ವಸತಿಗೃಹದ ಅಡುಗೆಮನೆಯ ಒಲೆಯೇ ಹತ್ತಿರಲಿಲ್ಲ. ಅಲ್ಲಿ ಊಟ ಶುರುವಾಗುವುದು ನಾವು ಹಾಸಿಗೆ ಹಾಸುವ ಹೊತ್ತಿಗೆ. ಇನ್ಸುಲಿನ್ ಮೈಯೊಳಗೆ ಹೋದ ಮೇಲೆ ಹೊಟ್ಟೆಗೆ ಬೀಳದಿದ್ದರೆ ರಕ್ತದ ಸಕ್ಕರೆ ಇಳಿಯುತ್ತ ಹೋಗುತ್ತದೆ. ಮೊದಲು ಬೆವರು, ಆಮೇಲೆ ನಡುಕ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಇದನ್ನು ಕಮಲಾಪುರದಲ್ಲಿ ಒಮ್ಮೆ ಕಣ್ಣಾರೆ ಕಂಡಿದ್ದೆ. ಓಡಿಹೋಗಿ ಚೀಲದಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟೆ. ಮೆಟ್ಟಿಲ ಮೇಲೆ ಕುಳಿತು ಅಣ್ಣ ಕಟುಂ ಕಟುಂ ಎಂದು ರೊಟ್ಟಿ ಕಡಿಯುವಾಗ ಮನೆಯೊಡತಿ ಬಾಗಿಲಲ್ಲಿ ನಿಂತು, ತನ್ನ ಅಡುಗೆಯ ಮೇಲೆ ನಮಗೆ ನಂಬಿಕೆಯಿಲ್ಲವೆಂದು ಮುನಿಸಿಕೊಂಡಳು.

ಸುರಂಗ

ಮರುದಿನ ನಮ್ಮನ್ನೂ ಇತರ ಕೆಲವರನ್ನೂ ಕೂರಿಸಿಕೊಂಡ ಬಸ್ಸು ಹೆದ್ದಾರಿಯ ಸುರಂಗಕ್ಕೆ ನುಗ್ಗಿತು. ಲಾರಿ, ಕಾರುಗಳು ಓಡಾಡುವ ಸುರಂಗವದು. ನಡುವೆ ಎಲ್ಲೋ ಪಕ್ಕಕ್ಕೆ ಹೊರಳಿತು. ದೊಡ್ಡದೊಂದು ಬಾಗಿಲು ತೆರೆದು ನಾವು ಒಳಗೆ ಹೋದ ಮೇಲೆ ಮುಚ್ಚಿಕೊಂಡಿತು. ನೆತ್ತಿಯ ಮೇಲೆ ಇಡೀ ಬೆಟ್ಟ. ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ಮೇ ತಿಂಗಳ ಕಲಬುರಗಿಯಿಂದ ಬಂದ ನಮಗೆ ಹಲ್ಲು ಕಟಕಟ ಎನ್ನುವ ಚಳಿ.

ನಮ್ಮನ್ನು ಕರೆದುಕೊಂಡು ಹೋಗಲು ಬಂದವಳು ಲೂಚಿಯಾ ಎಂಬ ಹುಡುಗಿ, ಅಲ್ಲೇ ಸಂಶೋಧನೆ ಮಾಡುವವಳು. ನನ್ನ ಹರಕು ಇಂಗ್ಲಿಷನ್ನು ಒಂದು ಸಲವೂ ತಿದ್ದದೆ ಕೇಳಿಸಿಕೊಂಡಳು. ಆಕಾಶದಿಂದ ಸೂಕ್ಷ್ಮ ಕಣಗಳು ಹಗಲೂ ಇರುಳೂ ಸುರಿಯುತ್ತಲೇ ಇರುತ್ತವೆ, ಆ ಗದ್ದಲದಲ್ಲಿ ಪಿಸುಮಾತು ಕೇಳಿಸುವುದಿಲ್ಲ, ಅದಕ್ಕೇ ಬೆಟ್ಟವನ್ನು ಕೊಡೆಯಂತೆ ಹಿಡಿದುಕೊಂಡು ಕೂತಿದ್ದೇವೆ ಎಂದಳು. ಆದರೂ ಗದ್ದಲ ಪೂರ್ತಿ ನಿಲ್ಲುವುದಿಲ್ಲ. ಕಲ್ಲಿನಲ್ಲಿ, ಕಬ್ಬಿಣದಲ್ಲಿ, ಧೂಳಿನಲ್ಲಿ, ನಮ್ಮ ಮೈಯಲ್ಲಿಯೂ ಒಂದಿಷ್ಟು ವಿಕಿರಣ ಇದ್ದೇ ಇರುತ್ತದೆ. ಹಾಗಾಗಿ ತೊಟ್ಟಿಗೆ ಹಾಕುವ ಒಂದು ಮೊಳೆಯನ್ನೂ ಮೊದಲು ಸೀಸದ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇಟ್ಟು ಅದೆಷ್ಟು ಶುದ್ಧವೆಂದು ಪರೀಕ್ಷೆ ಮಾಡುತ್ತಾರೆ. ಆ ಪೆಟ್ಟಿಗೆಗೆ ಸರದಿ ಇದೆ. ಲೂಚಿಯಾ ತಿಂಗಳುಗಟ್ಟಲೆ ಕಾದಿದ್ದ ಸರದಿ ಅವತ್ತೇ ಬಂದಿತ್ತು. ಅದನ್ನು ಹೇಳುವಾಗ ಅವಳ ಮುಖ ಹಬ್ಬದ ಮನೆಯ ಹಾಗಿತ್ತು.

ದೊಡ್ಡ ತೊಟ್ಟಿ ನೋಡುವುದು ಊಟವಾದ ಮೇಲೆ ಎಂದರು. ನಾನು ಅಣ್ಣನಿಗೆ ಸೂಜಿ ಚುಚ್ಚಿದೆ. ಪೂಜೆಗೆ ಸದ್ದಿಲ್ಲದ ಜಾಗ ಬೇಕಿತ್ತು. ಕೇಳಿದಾಗ ಲೂಚಿಯಾ ಒಂದು ಕ್ಷಣ ಯೋಚಿಸಿ, ತಾನು ಕೆಲಸ ಮಾಡುವ ಕೋಣೆಯ ಮುಂದಿನ ಪುಟ್ಟ ಕೋಣೆಯನ್ನು ತೆರೆದುಕೊಟ್ಟಳು. ಹೊರಗಿನವರನ್ನು ಅಲ್ಲಿ ಬಿಡುವ ನಿಯಮವಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ನಲ್ಲಿ

ಪೂಜೆ ಮುಗಿಯಿತು. ಅಣ್ಣ ಲಿಂಗವನ್ನು ವಸ್ತ್ರದಲ್ಲಿ ಸುತ್ತಿದ್ದ, ಇನ್ನೂ ಕೊರಳಿಗೆ ಕಟ್ಟಿಕೊಂಡಿರಲಿಲ್ಲ. ಬಾಗಿಲಲ್ಲಿ ಬಂದ ಲೂಚಿಯಾ ಅವನ ಕೈಯ ವಿಭೂತಿ ನೋಡಿ ಗಾಬರಿಯಾದಳು. ಆ ಕೋಣೆಗೆ ಧೂಳೆಂದರೆ ವಿಷ, ಅದರಲ್ಲೂ ಬೂದಿ. "ದಯವಿಟ್ಟು ಕೈ ತೊಳೆಯಲು ಹೇಳಿ, ಈಗಲೇ" ಎಂದವಳೇ ಒರೆಸುವ ಬಟ್ಟೆ ತರಲು ಓಡಿದಳು.

ಅಣ್ಣ ತಬ್ಬಿಬ್ಬಾದ. ಇನ್ನೊಬ್ಬರ ಮನೆ ಹೊಲಸು ಮಾಡಿದಷ್ಟು ಸಂಕೋಚ ಅವನ ಮುಖದಲ್ಲಿ ಕಂಡಿತು. ಆ ಗಾಬರಿಯಲ್ಲಿ ಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವುದು ಹೊಳೆಯಲಿಲ್ಲ, ನನ್ನ ಕೈಗೆ ಕೊಡುವ ಹಾಗಿಲ್ಲ. ಕೋಣೆಯಲ್ಲಿ ಎಲ್ಲಕ್ಕಿಂತ ಎತ್ತರದ ಕಪಾಟಿನ ಮೇಲೆ, ಬಿಳಿ ಬಟ್ಟೆಯ ಪುಟ್ಟ ಗಂಟುಗಳಿದ್ದು ಎಲ್ಲಕ್ಕಿಂತ ಮಡಿಯಾಗಿ ಕಂಡ ಉಕ್ಕಿನ ತಟ್ಟೆಯಲ್ಲಿ ಅದನ್ನಿಟ್ಟು, ಎದುರಿನ ನಲ್ಲಿಗೆ ನಡೆದ. ಆ ನಲ್ಲಿಗೆ ತಿರುವುವ ಕಿವಿಯೇ ಇಲ್ಲ. ಕೆಳಗೆ ಕೈ ಹಿಡಿದರೆ ತಾನಾಗಿ ಸುರಿಯುವಂಥದ್ದು. ಅಣ್ಣ ಮೇಲೆ ತಡವಿದ, ಪಕ್ಕಕ್ಕೆ ತಡವಿದ. ನಾನೂ ಹೋಗಿ ಕೈ ಹಿಡಿದು ತೋರಿಸಿದೆ, ತೊಳೆದ. ನಾವು ತಿರುಗಿ ಬಂದಾಗ ಕಪಾಟಿನ ಮೇಲೆ ತಟ್ಟೆಯೂ ಇರಲಿಲ್ಲ, ಲಿಂಗವೂ ಇರಲಿಲ್ಲ.

ಅಣ್ಣ ಕೂಗಲಿಲ್ಲ. ಎರಡೂ ಕೈ ಎದೆಯ ಮೇಲಿಟ್ಟುಕೊಂಡು ನಿಂತ. "ಪಾರಿ, ಹೋಯ್ತು" ಎಂದ.

ನಾನು ಕಸದ ಡಬ್ಬಿಯಲ್ಲಿ ಕೈ ಹಾಕಿದೆ, ಬೆಂಚಿನ ಕೆಳಗೆ ಮಂಡಿಯೂರಿದೆ, ಕೋಟು ತೂಗುಹಾಕಿದ ಕಡೆ ಒಂದೊಂದು ಜೇಬನ್ನೂ ತಡಕಿದೆ. ಯಾರೋ ಬಂಗಾರ ಕಳೆದಿದೆಯೇ ಎಂದು ಕೇಳಿದರು. ಏನೆಂದು ಹೇಳಲಿ? ಇಷ್ಟಲಿಂಗಕ್ಕೆ ನನ್ನ ಹತ್ತಿರ ಇಂಗ್ಲಿಷ್ ಇರಲಿಲ್ಲ. "ಇವನ ದೇವರು" ಎಂದೆ. ಅವರು ಮುಖ ಮುಖ ನೋಡಿಕೊಂಡರು.

ಆಗಲೇ ಅಣ್ಣನ ಹಣೆಯಲ್ಲಿ ಬೆವರು ಮೂಡಿತ್ತು. ಆ ಚಳಿಯಲ್ಲಿ ಬೆವರು. ಕಾಫಿ ಯಂತ್ರದ ಪಕ್ಕದಿಂದ ಸಕ್ಕರೆಯ ಪೊಟ್ಟಣಗಳನ್ನು ಬಾಚಿ ತಂದು ಒಂದನ್ನು ಹರಿದೆ.

"ಬಾಯಿ ತೆರಿ, ಅಣ್ಣಾ."

"ಬ್ಯಾಡ."

"ಇದು ಊಟ ಅಲ್ಲ, ಔಷಧ ಅಂತ ತಿಳ್ಕೊ. ಸೂಜಿ ಒಳಗ ಹೋಗ್ಯಾದ, ನಿನಗ ಗೊತ್ತದ."

"ಗೊತ್ತದ. ಲಿಂಗ ಇಲ್ದ ಬಾಯಾಗ ಏನೂ ಹಾಕಬ್ಯಾಡ, ಪಾರಿ. ನಿನಗ ಕೈ ಮುಗೀತೀನಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅತ್ತಿಗೆಗೆ ಏನು ಹೇಳಲಿ, ಯಾವ ಮುಖ ಹೊತ್ತುಕೊಂಡು ಕಮಲಾಪುರಕ್ಕೆ ಹೋಗಲಿ ಎಂದೆಲ್ಲ ಬಾಯಿಗೆ ಬಂದಂತೆ ಅಂದೆ. ಬೇರೆ ನಾಡಿನವರ ಮುಂದೆ ಅಳುತ್ತಿದ್ದೇನೆ ಎಂಬುದು ತಿಳಿಯಲೂ ಇಲ್ಲ. ಅಣ್ಣ ಬೆಂಚಿಗೆ ಒರಗಿ ಕಣ್ಣು ಮುಚ್ಚಿದ. ಅವನ ಬೆರಳುಗಳು ನಡುಗಲು ಶುರುವಾದವು.

ನಮ್ಮ ಗುಂಪು ತೊಟ್ಟಿಯ ಕಡೆಗೆ ಹೊರಟಿತು. "ನೀವು ಹೋಗಿ ಬನ್ನಿ, ನಾನು ಇವರ ಹತ್ತಿರ ಇರುತ್ತೇನೆ. ಮತ್ತೆ ಈ ಅವಕಾಶ ಸಿಗುವುದಿಲ್ಲ" ಎಂದಳು ಲೂಚಿಯಾ. ಹೆಲ್ಮೆಟ್ಟಿನ ತಲೆಗಳು ತಿರುವಿನಲ್ಲಿ ಒಂದೊಂದಾಗಿ ಮರೆಯಾದವು. ನಾನು ಏಳಲಿಲ್ಲ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸೀಸದ ಪೆಟ್ಟಿಗೆ

"ಅದು ನೋಡಲು ಹೇಗಿತ್ತು?" ಎಂದು ಲೂಚಿಯಾ ಕೇಳಿದಳು. ಕಪ್ಪಗೆ, ನುಣ್ಣಗೆ, ಅಡಿಕೆಗಿಂತ ದೊಡ್ಡದು, ಬಿಳಿ ಬಟ್ಟೆಯಲ್ಲಿ ಸುತ್ತಿತ್ತು ಎಂದೆ. ಎಲ್ಲಿಟ್ಟಿದ್ದರು ಎಂದು ಕೇಳಿದಳು. ಉಕ್ಕಿನ ತಟ್ಟೆಯಲ್ಲಿ ಎಂದೆ.

ಅವಳ ಮುಖದ ಬಣ್ಣ ಇಳಿಯಿತು. ಆ ತಟ್ಟೆ ಅವಳದೇ. ಪರೀಕ್ಷೆಗೆ ಹೋಗಬೇಕಾದ ಚೂರುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಆ ತಟ್ಟೆಯಲ್ಲೇ ಇಡುವುದು ಅವರ ಪದ್ಧತಿ. ಅವಳ ತಾಮ್ರದ ಚೂರುಗಳು ಅದರಲ್ಲಿ ಮೊದಲೇ ಇದ್ದವು. ನಾವು ನಲ್ಲಿಯ ಜೊತೆ ಹೆಣಗುತ್ತಿದ್ದಾಗ, ಅಲ್ಲಿನ ಕೆಲಸಗಾರ ಇದೂ ಒಂದು ಚೂರೆಂದುಕೊಂಡು ಎಲ್ಲವನ್ನೂ ಸೀಸದ ಪೆಟ್ಟಿಗೆಯಲ್ಲಿಟ್ಟು, ಮುಚ್ಚಿ, ಸುರಂಗದ ಆಚೆಗೆ ಊಟಕ್ಕೆ ಹೋಗಿದ್ದ.

ನಾವು ಅಣ್ಣನನ್ನು ಎರಡೂ ಕಡೆ ಹಿಡಿದುಕೊಂಡು ಒಳಗೆ ನಡೆಸಿದೆವು. ಪೆಟ್ಟಿಗೆ ನಮ್ಮ ಹಿಟ್ಟಿನ ಗಿರಣಿಯಷ್ಟು ದಪ್ಪಗಿತ್ತು, ಸುತ್ತಲೂ ಇಟ್ಟಿಗೆಯ ಹಾಗೆ ಸೀಸ ಜೋಡಿಸಿದ್ದರು. ಲೂಚಿಯಾ ಅದರ ಮುಂದೆ ನಿಂತಳು. ಕೈಗವಸು ಹಾಕಿಕೊಂಡಳು, ಆದರೆ ಚಿಲಕಕ್ಕೆ ಕೈ ಹಾಕಲಿಲ್ಲ. ಚೂರುಗಳು ಒಳಗೆ ಹೋದದ್ದು ಗಾಳಿ ಸೇರದ ಪಕ್ಕದ ಕಿರುಗೂಡಿನಿಂದ, ಅದೇ ದಾರಿಯಲ್ಲಿ ತೆಗೆಯಲು ಗಂಟೆಗಟ್ಟಲೆ ಕಾಯಬೇಕು. ನೇರ ಬಾಗಿಲು ತೆರೆದರೆ ಕಲ್ಲಿನ ವಿಕಿರಣ ಬೆರೆತ ಬೆಟ್ಟದ ಗಾಳಿ ಒಳಗೆ ನುಗ್ಗುತ್ತದೆ, ಅದು ಮತ್ತೆ ಶುದ್ಧವಾಗಲು ಎಷ್ಟೋ ದಿನ ಬೇಕು, ಅಷ್ಟರಲ್ಲಿ ಅವಳ ಸರದಿ ಮುಗಿಯುತ್ತದೆ. ಇದನ್ನು ಅವಳು ನನಗೆ ಹೇಳುತ್ತಿದ್ದಳೋ ತನಗೆ ಹೇಳಿಕೊಳ್ಳುತ್ತಿದ್ದಳೋ ತಿಳಿಯಲಿಲ್ಲ. ನಾನು ಅಣ್ಣನ ರಟ್ಟೆ ಹಿಡಿದು ನಿಂತಿದ್ದೆ, ಅಂಗಿ ತೊಯ್ದುಹೋಗಿತ್ತು. "ಪಾರಿ, ಮನಿಗಿ ಹೋಗೂಣು" ಎಂದು ಒಂದು ಸಲ ತೊದಲಿದ. ಎಲ್ಲಿದ್ದೇವೆಂಬುದೇ ಅವನಿಗೆ ಮರೆಯುತ್ತಿತ್ತು.

ಲೂಚಿಯಾ ಚಿಲಕ ಎಳೆದಳು.

ತಟ್ಟೆ ಕಾಣಿಸಿತು. ಅವಳು ತೆಗೆಯಲು ಕೈ ಚಾಚಿದಾಗ ನಾನು ತಡೆಯಬೇಕಾಯಿತು. ಇಷ್ಟು ಕೇಳಿದ ಮೇಲೆ ಇನ್ನೊಂದು ಕೇಳಲು ನಾಲಿಗೆ ಏಳುತ್ತಿರಲಿಲ್ಲ. "ಅವನೇ ತೆಗೆದುಕೊಳ್ಳಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ" ಎಂದೆ. ಕೈಗವಸಿಲ್ಲದ, ಉಗುರಿನ ಸಂದಿಯಲ್ಲಿ ಇನ್ನೂ ವಿಭೂತಿಯಿದ್ದ, ಬೆವರಿದ ಕೈಯನ್ನು ಅವಳು ನೋಡಿದಳು. ತಿಂಗಳುಗಟ್ಟಲೆ ಯಾರೂ ಉಸಿರು ತಾಗಲೂ ಬಿಡದ ಪೆಟ್ಟಿಗೆ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅಣ್ಣ ಒಳಗೆ ಕೈ ಹಾಕಿ ವಸ್ತ್ರವನ್ನು ತೆಗೆದುಕೊಂಡ. ಕಣ್ಣಿಗೊತ್ತಿಕೊಂಡ. ಕೊರಳಿಗೆ ಕಟ್ಟಲು ಬೆರಳು ಕೇಳದಿದ್ದಾಗ ನಾನು ಲಿಂಗವಿದ್ದ ಗಂಟನ್ನು ಮುಟ್ಟದೆ ದಾರವನ್ನಷ್ಟೇ ಹಿಡಿದು ಕಟ್ಟಿದೆ. ಆಮೇಲೆ ಅವನ ಬಾಯಿಗೆ ಪೊಟ್ಟಣದ ಮೇಲೆ ಪೊಟ್ಟಣ ಸಕ್ಕರೆ ಸುರಿದೆ. ನೆಲದ ಮೇಲೆ, ಆ ಮಡಿಯ ಕೋಣೆಯಲ್ಲಿ, ಸಕ್ಕರೆ ಚೆಲ್ಲಿತು. ಲೂಚಿಯಾ ಅದನ್ನು ನೋಡಿಯೂ ನೀರು ತಂದುಕೊಟ್ಟಳು.

ಸ್ವಲ್ಪ ಹೊತ್ತಿನಲ್ಲಿ ಅಣ್ಣನ ಮುಖಕ್ಕೆ ರಕ್ತ ಬಂತು. ತೆರೆದ ಪೆಟ್ಟಿಗೆ ನೋಡಿ, "ಆ ತಾಯಿದು ಏನರ ಕೆಟ್ಟಿತೇನು, ಕೇಳು" ಎಂದ. ಕೇಳಿದೆ. ಈ ಸರದಿ ಹೋಯಿತು, ಮತ್ತೆ ಕಾಯಬೇಕು ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಣ್ಣ ತಲೆ ತಗ್ಗಿಸಿ ಎರಡೂ ಕೈ ಮುಗಿದ. ಅವನಿಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

"ಅವರಿಗೆ ಹೇಳಿ, ಈ ಬೆಟ್ಟದೊಳಗೆ ನಾವು ಎಷ್ಟೋ ವರ್ಷದಿಂದ ಹುಡುಕುತ್ತಿದ್ದೇವೆ. ಹುಡುಕಿದ್ದು ಸಿಕ್ಕಿದ್ದು ಇವತ್ತೇ ಮೊದಲು" ಎಂದಳು ಲೂಚಿಯಾ. ನಗುತ್ತಲೇ ಹೇಳಿದಳು, ಆದರೆ ಕಣ್ಣು ಒರೆಸಿಕೊಂಡಳು.

ಬಸ್ಸು

ನಮ್ಮ ಗುಂಪು ತೊಟ್ಟಿ ನೋಡಿ ತಿರುಗಿ ಬಂದಿತ್ತು, ಬಸ್ಸು ಹೊರಡುವ ಹೊತ್ತಾಗಿತ್ತು. ನಾನು ತೊಟ್ಟಿ ನೋಡಲಿಲ್ಲ. ಗುಡಿಯ ಬಾಗಿಲಿನವರೆಗೆ ಹೋಗಿ, ದೇವರನ್ನು ನೋಡದೆ ಬಂದ ಹಾಗಾಯಿತು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ. ಮುಂದಿನ ಸೀಟಿನವರು ಫೋಟೋ ತೋರಿಸಲು ಬಂದರು, ತಲೆನೋವೆಂದು ಕಣ್ಣು ಮುಚ್ಚಿದೆ.

ಸುರಂಗ ದಾಟಿ ಬಿಸಿಲಿಗೆ ಬಂದ ಮೇಲೂ ನಾನು ಅಣ್ಣನ ಜೊತೆ ಮಾತಾಡಲಿಲ್ಲ. ರೊಟ್ಟಿ ಮುರಿದು ಮುರಿದು ಅವನ ಕೈಗಿಡುತ್ತಿದ್ದೆ, ಅಷ್ಟೇ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಸಿಗಲಿಲ್ಲಂದ್ರ ಏನ್ ಮಾಡ್ತಿದ್ದಿ? ನನ್ನ ಕಣ್ಣ ಮುಂದ ಜೀವಾ ಬಿಡ್ತಿದ್ದೇನು?"

ಅಣ್ಣ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಮಡಿಲಲ್ಲಿಟ್ಟ. ಹೌದು ಎನ್ನುತ್ತಾನೆ ಎಂದುಕೊಂಡಿದ್ದೆ. ಅದಕ್ಕೆ ಏನು ಬೈಯಬೇಕೆಂದು ಮಾತನ್ನೂ ಹೊಂದಿಸಿಟ್ಟುಕೊಂಡಿದ್ದೆ.

"ಇನ್ನ ಜರಾ ಹೊತ್ತಾಗಿದ್ರ ಬಾಯಿ ತೆರೀತಿದ್ದೆ, ಪಾರಿ" ಎಂದ. "ನೀ ಅಳಾಕತ್ತಿದ್ದಿ."